ಒಂದು ಮನೆಗೆ ಒಂದೇ ಗುರುತು

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಗುರುತಿನಕ್ಕ ಎಂದೇ ಕರೆಯುತ್ತಿದ್ದರು. ಒಗೆಯಲು ಬಂದ ಪ್ರತಿಯೊಂದು ಬಟ್ಟೆಯ ಒಳಮಡಿಕೆಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಬಣ್ಣದ ದಾರದಿಂದ ಗುರುತು ಹೊಲಿಯುವುದು ಅವಳ ಕೆಲಸ. ಕೆಂಪು ದಾರದ ಎರಡು ಅಡ್ಡಗೆರೆ ಎಂದರೆ ಒಂದು ಮನೆ. ನೀಲಿ ದಾರದ ಒಂದು ಕತ್ತರಿ ಎಂದರೆ ಇನ್ನೊಂದು ಮನೆ. ಹೀಗೆ ಇನ್ನೂರ ಹದಿನಾಲ್ಕು ಮನೆಗಳ ಗುರುತು ಅವಳ ತಲೆಯಲ್ಲಿತ್ತು. ಬರೆದಿಟ್ಟ ಪುಸ್ತಕವೂ ಒಂದಿತ್ತು. ಆದರೆ ಅವಳು ಜ್ವರವೆಂದು ಮಲಗಿದ ದಿನದ ಹೊರತು ಅದನ್ನು ಯಾರೂ ತೆರೆಯುತ್ತಿರಲಿಲ್ಲ.

ಐದನೆಯ ತರಗತಿಯಿಂದ ಏಳನೆಯ ತರಗತಿಯವರೆಗೆ ಅವಳು ನನ್ನ ವಿದ್ಯಾರ್ಥಿನಿ. ಈಗ ಸೆರೆಮನೆಯಲ್ಲಿದ್ದಾಳೆ. ಒಬ್ಬ ಮುದುಕನ ಸಾವಿಗೆ ತಾನೇ ಕಾರಣವೆಂದು ಒಪ್ಪಿಕೊಂಡು ಹೋಗಿದ್ದಾಳೆ. ಆ ಸಾವಿಗೆ ಅವಳು ಕಾರಣಳಲ್ಲ ಎಂಬುದು ನನಗೆ ಗೊತ್ತು. ಗೊತ್ತಿದ್ದೂ ಅವಳನ್ನು ಬಿಡಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಅದು ಹೇಗಾಯಿತೆಂಬುದನ್ನು ಮೊದಲಿನಿಂದಲೇ ಹೇಳಬೇಕು, ಏಕೆಂದರೆ ಅದು ಆರಂಭವಾದದ್ದು ಅವಳಿಗೆ ಆರು ವರ್ಷವಾಗಿದ್ದಾಗ.

ಅವಳ ತಂದೆ ಮರ ಕೊಯ್ಯುವ ಮಿಲ್ಲಿನಲ್ಲಿ ಮೇಸ್ತ್ರಿ. ಕುಡಿಯುವವನಲ್ಲ, ಬೀಡಿ ಸೇದುವವನಲ್ಲ, ಯಾರ ಮನೆಯ ಜಗಳಕ್ಕೂ ತಲೆಹಾಕುವವನಲ್ಲ. ಬೀದಿಯವರೆಲ್ಲ ಅವನನ್ನು ನ್ಯಾಯವಂತನೆಂದು ಕೊಂಡಾಡುತ್ತಿದ್ದರು. ಅವನಿಗೂ ಆ ಮಾತೆಂದರೆ ಪ್ರಾಣ. ಸಂಜೆ ಕೆಲಸದಿಂದ ಬಂದವನು, ತಲೆಗೂದಲಿಗೆ ಹತ್ತಿದ ಮರದ ಹೊಟ್ಟನ್ನು ಸಹ ಕೊಡವದೆ, ಎರಡು ಕೋಣೆಗಳ ಆ ಮನೆಯನ್ನು ಒಂದು ಸುತ್ತು ಹಾಕುತ್ತಿದ್ದ. ಅಂಚು ಒಡೆದ ಬಸಿ, ಮುಚ್ಚಳ ಕಾಣದಾದ ಡಬ್ಬಿ, ಗೋಡೆಯ ಮೇಲೆ ಇದ್ದಿಲಿನ ಗೀಟು, ಹುಡುಕುವವನಿಗೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದನ್ನು ನೆಲದ ನಡುವೆ ಇಟ್ಟು, "ಯಾರದು ಈ ಕೆಲಸ?" ಎಂದು ಕೇಳುತ್ತಿದ್ದ. ಧ್ವನಿ ಏರಿಸುತ್ತಿರಲಿಲ್ಲ.

ಅವನ ಕಾನೂನು ಇಷ್ಟೇ. ಒಪ್ಪಿಕೊಂಡವರಿಗೆ ಆರು ಏಟು. ಯಾರೂ ಒಪ್ಪಿಕೊಳ್ಳದಿದ್ದರೆ ಹೆಂಡತಿ, ಮಗಳು, ಮಗ ಮೂವರಿಗೂ ತಲಾ ಹನ್ನೆರಡು. ಜೊತೆಗೆ ಅಂದು ಒಲೆ ಹಚ್ಚುವಂತಿಲ್ಲ. ಹೊಡೆಯುವುದಕ್ಕೆ ಮಿಲ್ಲಿನ ಯಂತ್ರದ ಹಳೆಯ ಬೆಲ್ಟಿನ ತುಂಡೊಂದು ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಹೊಡೆದಾದ ಮೇಲೆ ಅದನ್ನು ಬಟ್ಟೆಯಿಂದ ಒರೆಸಿ, ಮತ್ತೆ ಅದೇ ಮೊಳೆಗೆ ಸಿಕ್ಕಿಸಿ, ಆಮೇಲೆ ಕೈಕಾಲು ತೊಳೆಯಲು ಹೋಗುತ್ತಿದ್ದ.

ಮೂರು ಹನ್ನೆರಡಲ ಮೂವತ್ತಾರು ಎಂಬುದನ್ನು ನಾನು ಕಲಿಸುವ ಮೊದಲೇ ಆ ಹುಡುಗಿ ಮನೆಯಲ್ಲಿ ಕಲಿತಿದ್ದಳು. ಮೂವತ್ತಾರಕ್ಕಿಂತ ಆರು ಕಡಿಮೆ. ಅಮ್ಮನಿಗೆ ಬೆನ್ನುನೋವು, ತಮ್ಮನಿಗೆ ಆಗ ಎರಡು ವರ್ಷ. ಒಂದು ಸಂಜೆ ತಂದೆ ಒಡೆದ ದೀಪದ ಗಾಜನ್ನು ನೆಲದ ಮೇಲಿಟ್ಟು ಕೇಳಿದಾಗ ಅವಳು ಎದ್ದು ನಿಂತು, "ನಾನು" ಎಂದಳು. ಅಂದಿನಿಂದ ಆ ಮನೆಯಲ್ಲಿ ಬೇರೆ ಯಾರೂ ಏಳಬೇಕಾಗಿ ಬರಲಿಲ್ಲ.

ಇದನ್ನೆಲ್ಲ ಅವಳು ದೊಡ್ಡವಳಾದ ಮೇಲೆ, ನಗುನಗುತ್ತಲೇ ನನಗೆ ಹೇಳಿದ್ದು. ಮೊದಮೊದಲು ಅಮ್ಮ ಅಳುತ್ತಿದ್ದಳಂತೆ. ಆಮೇಲೆ ಅಳುವುದು ನಿಂತಿತಂತೆ. ಕೊನೆಕೊನೆಗೆ, ತನ್ನ ಕೈಯಿಂದಲೇ ಏನಾದರೂ ಜಾರಿ ಬಿದ್ದ ದಿನ, ಗಂಡ ಬರುವ ಹೊತ್ತಿಗೆ ಅಮ್ಮ ಮಗಳ ಕಡೆ ಒಮ್ಮೆ ನೋಡುತ್ತಿದ್ದಳಂತೆ, ಅಷ್ಟೇ. "ಅಮ್ಮನದೇನೂ ತಪ್ಪಿಲ್ಲ ಮೇಷ್ಟ್ರೇ, ಬಾಯಿಬಿಟ್ಟು ಒಂದು ದಿನಾನೂ ಕೇಳಿದವಳಲ್ಲ" ಎಂದಿದ್ದಳು. ತಂದೆಗೆ ಇದು ಗೊತ್ತಿರಲಿಲ್ಲವೇ ಎಂದು ನಾನು ಕೇಳಿದೆ. ಗೊತ್ತಿದ್ದಿರಬೇಕು ಎಂದಳು. ನ್ಯಾಯ ತೀರಿದರೆ ಅವನಿಗೆ ಸಾಕಾಗಿತ್ತು. ಅದು ಯಾರ ಬೆನ್ನಿನ ಮೇಲೆ ತೀರಿತೆಂಬುದು ಬೇಕಾಗಿರಲಿಲ್ಲ.

ಶಾಲೆಯಲ್ಲಿ ನಾನು ಮಾಡಿದ ಒಂದು ಕೆಲಸವನ್ನೂ ಇಲ್ಲಿ ಹೇಳದಿದ್ದರೆ ತಪ್ಪಾದೀತು. ಅವಳು ಆರನೆಯ ತರಗತಿಯಲ್ಲಿದ್ದಾಗ ಬುಧವಾರ ಬೆಳಿಗ್ಗೆ ಭೂಪಟವನ್ನು ಬಿಚ್ಚಿದರೆ ಅದು ನಡುವೆ ಹರಿದಿತ್ತು. ಸೋಮವಾರ ಸಂಜೆ ನಾನೇ ಸುತ್ತಿಟ್ಟಾಗ ಸರಿಯಾಗಿತ್ತು. ಹರಿದವರು ಯಾರೆಂದು ಕೇಳಿದೆ. ಅವಳು ಎದ್ದು ನಿಂತಳು. ನನಗೆ ಕಣ್ಣು ತುಂಬಿ ಬಂತು. ಸತ್ಯ ಹೇಳುವುದೆಂದರೆ ಹೀಗಿರಬೇಕು ಎಂದು ಇಡೀ ತರಗತಿಯಿಂದ ಚಪ್ಪಾಳೆ ಹೊಡೆಸಿ, ಒಂದು ತುದಿ ಕೆಂಪು ಒಂದು ತುದಿ ನೀಲಿ ಇದ್ದ ಪೆನ್ಸಿಲೊಂದನ್ನು ಅವಳಿಗೆ ಬಹುಮಾನವಾಗಿ ಕೊಟ್ಟೆ. ಸಂಜೆ ಹಾಜರಿ ಪುಸ್ತಕ ತೆಗೆದು ನೋಡುತ್ತೇನೆ, ಮಂಗಳವಾರ ಅವಳು ಶಾಲೆಗೇ ಬಂದಿರಲಿಲ್ಲ. ನನಗೆ ನಗು ಬಂತು. ಗೆಳತಿಯರನ್ನು ಉಳಿಸಲು ಎದ್ದಿದ್ದಾಳೆ, ಎಷ್ಟು ದೊಡ್ಡ ಮನಸ್ಸು ಎಂದುಕೊಂಡೆ. ಮರುದಿನ ಅವಳನ್ನು ಹತ್ತಿರ ಕರೆದು, ಏಕೆ ಹಾಗೆ ಹೇಳಿದೆ ಮಗಳೇ ಎಂದು ಕೇಳಬೇಕಾಗಿತ್ತು. ಕೇಳಲಿಲ್ಲ. ಮನೆಯಲ್ಲಿ ಏಟು ಸಿಗುತ್ತಿದ್ದ ಅದೇ ಮಾತಿಗೆ ನಾನು ಚಪ್ಪಾಳೆ ಕೊಡಿಸಿದೆ.

ಅವಳಿಗೆ ಹದಿನೈದು ತುಂಬುವ ವರ್ಷ ತಂದೆ ಮಿಲ್ಲಿನ ಗೇಟಿನಲ್ಲಿ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಪ್ರಶ್ನೆ ಕೇಳುವವನು ಹೋದ. ಉತ್ತರ ಹೇಳುವವಳು ಹಾಗೆಯೇ ಉಳಿದಳು. ಆ ಹೊತ್ತಿಗೆ ತಮ್ಮನಿಗೆ ಹನ್ನೊಂದು. ಪಕ್ಕದ ಮನೆಯವರ ಪಾರಿವಾಳ, ಸಹಪಾಠಿಯ ಕಂಪಾಸು ಪೆಟ್ಟಿಗೆ, ಅಂಗಡಿಯವನ ತೂಕದ ಬಟ್ಟು, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಅವನು ಎತ್ತಿಕೊಂಡು ಬರುತ್ತಿದ್ದ. ಅವನಿಗೆ ಅವು ಬೇಕಾಗಿಯೂ ಇರಲಿಲ್ಲ. ತರುವುದು, ಎರಡು ದಿನ ಇಟ್ಟುಕೊಳ್ಳುವುದು, ಮರೆತುಬಿಡುವುದು. ಯಾರಾದರೂ ಬಾಗಿಲಿಗೆ ಬಂದು ಕೂಗಿದರೆ ಅಕ್ಕ ಹೊರಗೆ ಹೋಗಿ, ತಾನೇ ತಂದದ್ದೆಂದು ಹೇಳಿ, ಬೈಸಿಕೊಂಡು, ವಸ್ತುವನ್ನು ಹಿಂದಿರುಗಿಸಿ ಒಳಗೆ ಬರುತ್ತಿದ್ದಳು. ಅವನು ಗೋಡೆಗೆ ಒರಗಿ ಕುಳಿತು ಉಗುರು ಕಚ್ಚುತ್ತಿದ್ದ. ಅವನು ಕೆಟ್ಟ ಹುಡುಗನೇ? ನಾನು ಅವನಿಗೂ ಎರಡು ವರ್ಷ ಪಾಠ ಹೇಳಿದ್ದೇನೆ. ಕೆಟ್ಟತನ ನನಗೆ ಕಾಣಲಿಲ್ಲ. ತಾನು ಮಾಡಿದ್ದಕ್ಕೂ ತನಗೂ ಏನೋ ಸಂಬಂಧವಿದೆ ಎಂಬುದು ಮಾತ್ರ ಆ ಹುಡುಗನಿಗೆ ತಿಳಿದಂತಿರಲಿಲ್ಲ. ಅವಳು ಅವನನ್ನು 'ತಮ್ಮ' ಎಂದು ಕರೆದೂ ಕರೆದೂ ಬೀದಿಯವರ ಬಾಯಲ್ಲೂ ಅವನು ತಮ್ಮನೇ ಆದ.

ಲಾಂಡ್ರಿಗೆ ಸೇರಿದ ಎರಡು ವರ್ಷಗಳಲ್ಲಿ ಅವಳು ಗುರುತು ಹೊಲಿಯುವುದರಲ್ಲಿ ಪಳಗಿದಳು. ಮುಂದೆ ಯಜಮಾನನ ಕೈಕಾಲು ಹಿಡಿದು ತಮ್ಮನನ್ನೂ ಅಲ್ಲಿಗೇ ಸೇರಿಸಿದಳು. ಮನೆಮನೆಗೆ ಬಟ್ಟೆ ಮುಟ್ಟಿಸುವ ಸೈಕಲ್ಲು ಅವನದಾಯಿತು. ನಾನು ಅಂಗಿ ಕೊಡಲು ಹೋದಾಗಲೆಲ್ಲ ಆ ಉಗಿ ತುಂಬಿದ ಉದ್ದನೆಯ ಕೋಣೆಯಲ್ಲಿ ಏನಾದರೊಂದು ತಮಾಷೆ ನಡೆದೇ ಇರುತ್ತಿತ್ತು. ಒಂದು ದಿನ ಮೋಡ ಕವಿದು ಒಣಹಾಕಿದ್ದ ಹಾಸುಗಳೆಲ್ಲ ನೆನೆದವು.

"ಗುರುತಿನಕ್ಕಾ, ಈ ಮಳೇನೂ ನೀನೇ ತಾನೇ ಕರೆಸಿದ್ದು?" ಎಂದ ಇಸ್ತ್ರಿಯವನು.

"ಹೂಂ ಕಣೋ, ನಾನೇ. ನಿನ್ನ ಮುಖ ತೊಳೀಲಿ ಅಂತ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ತಮಾಷೆಯ ಒಳಗೆ ನಿಜವೂ ಇತ್ತು. ಅಲ್ಲಿ ಬಟ್ಟೆ ಸುಟ್ಟರೆ, ಬಣ್ಣ ಹತ್ತಿದರೆ, ಗುಂಡಿ ಕಳೆದರೆ ಯಜಮಾನ ಬಂದು ಕೇಳುವ ಮೊದಲೇ ಅವಳು ಸೂಜಿ ಕೆಳಗಿಟ್ಟು ಏಳುತ್ತಿದ್ದಳು. ಯಜಮಾನ ಬುದ್ಧಿವಂತ. ಹತ್ತರಲ್ಲಿ ಒಂಬತ್ತು ಅವಳದಲ್ಲವೆಂದು ಅವನಿಗೆ ಗೊತ್ತು. ಆದರೂ ಗಿರಾಕಿಯ ಮುಂದೆ ತಲೆ ತಗ್ಗಿಸಿ ನಿಲ್ಲಲು ಒಬ್ಬರು ಬೇಕಲ್ಲ, ಇವಳು ಸಿಕ್ಕಿದ್ದಳು.

ಒಮ್ಮೆ ಅವಳಿಗೆ ಗಂಡು ಗೊತ್ತಾಗುವುದರಲ್ಲಿತ್ತು. ಔಷಧದಂಗಡಿಯ ಕಾಂಪೌಂಡರ್, ಸೌಮ್ಯ ಸ್ವಭಾವದವನು. ತನ್ನ ಸೋದರತ್ತೆಯನ್ನು ಕರೆದುಕೊಂಡು ಹೆಣ್ಣು ನೋಡಲು ಬಂದ. ಹೊರಡುವಾಗ ಬಾಗಿಲ ಬಳಿ ಇಟ್ಟಿದ್ದ ಹೊಸ ಕೊಡೆ ಕಾಣಲಿಲ್ಲ. ತಮ್ಮನೂ ಕಾಣಲಿಲ್ಲ. ಅಮ್ಮ ಮಗಳ ಕಡೆ ನೋಡಿದಳು. "ನಾನೇ ಎತ್ತಿಟ್ಟೆ" ಎಂದಳು ಇವಳು. ಎಲ್ಲಿಟ್ಟೆಯಮ್ಮ ಎಂದು ಕಾಂಪೌಂಡರ್ ಕೇಳಿದ. ಅವಳು ಬಾಗಿಲ ಹಿಂದೆ, ಮಂಚದ ಕೆಳಗೆ ಹುಡುಕತೊಡಗಿದಳು. ಸೋದರತ್ತೆ ಚಪ್ಪಲಿ ಮೆಟ್ಟಿಕೊಳ್ಳುತ್ತ, "ನೋಡೋಕೆ ಬಂದ ದಿನ ಕೊಡೆ ಹೋಯ್ತು. ತಾಳಿ ಕಟ್ಟಿದ ದಿನ ಮನೇನೇ ಹೋದೀತು, ನಡಿಯೋ" ಎಂದಳು. ಆ ಮೇಲೆ ಮದುವೆಯ ಮಾತು ಆ ಮನೆಯಲ್ಲಿ ಏಳಲಿಲ್ಲ. ಕೆಲವು ವರ್ಷಗಳಲ್ಲಿ ಅಮ್ಮನೂ ತೀರಿಕೊಂಡಳು. ಅಕ್ಕತಮ್ಮ ಇಬ್ಬರೇ ಉಳಿದರು.

ನನ್ನ ಹೆಂಡತಿ ಹೋದ ಮೇಲೆ, ನಾನು ಕರೆಯದೆಯೇ, ಅವಳು ಬುಧವಾರಗಳಂದು ನನ್ನ ಮನೆಗೆ ಬರತೊಡಗಿದಳು. ಲಾಂಡ್ರಿಗೆ ಅಂದು ಅರ್ಧ ದಿನ ರಜೆ. ಹನ್ನೆರಡಕ್ಕೆ ಬಂದು, ನನ್ನ ಅಂಗಿಗಳ ಗುಂಡಿ ನೋಡಿ, ಕಪಾಟು ಒಪ್ಪವಾಗಿಟ್ಟು, ಮೂರಕ್ಕೆ ಚಹಾ ಮಾಡಿಕೊಟ್ಟು ಹೋಗುತ್ತಿದ್ದಳು. ತನ್ನ ಮನೆಯ ಕತೆಗಳನ್ನು ಅವಳು ಹೇಳಿದ್ದು ಆಗಲೇ. ಇಂಥ ಒಂದು ಬುಧವಾರ ಆ ಅನಾಹುತ ನಡೆಯಿತು.

ಅದನ್ನು ತಿಳಿಯಲು ಲಾಂಡ್ರಿಯ ಒಂದು ಪದ್ಧತಿಯನ್ನು ಹೇಳಬೇಕು. ಗುರುತು ಮನುಷ್ಯರಿಗಲ್ಲ, ಮನೆಗೆ. ಒಂದು ಮನೆಯಲ್ಲಿ ಎಂಟು ಜನರಿದ್ದರೂ ಒಂದೇ ಗುರುತು. ಯಾರಾದರೂ ಮನೆಮಂದಿಯೆಲ್ಲ ಊರಿಗೆ ಹೊರಟರೆ, ಹೊರಡುವ ಮುಂಚೆ ಹಾಸು, ಹೊದಿಕೆ, ಉಟ್ಟ ಬಟ್ಟೆ ಎಲ್ಲವನ್ನೂ ಒಗೆಯಲು ಹಾಕಿ, ಬಂದ ಮೇಲೆ ಕೊಡಿ ಎನ್ನುತ್ತಾರೆ. ಅಂಥ ಗಂಟಿಗೆ ಬಿಳಿಯ ಚಿಂದಿ ಕಟ್ಟಿ ಅಟ್ಟದಂಥ ಮೇಲಿನ ಹಲಗೆಗೆ ಏರಿಸಿಡುತ್ತಾರೆ. ಒಂದು ಗುರುತಿನ ಬಟ್ಟೆಯೆಲ್ಲ ಮೇಲಿನ ಹಲಗೆಯಲ್ಲಿದ್ದರೆ ಆ ಮನೆಗೆ ಬೀಗ ಬಿದ್ದಿದೆ ಎಂದರ್ಥ. ಇದು ಒಳಗಿನವರಿಗೆ ಮಾತ್ರ ಗೊತ್ತಿರುವ ವಿಷಯ. ತಮ್ಮ ಆ ಹಲಗೆಯನ್ನು ಓದಲು ಕಲಿತಿದ್ದ. ಆ ವರ್ಷ ಎರಡು ಖಾಲಿ ಮನೆಗಳಿಂದ ಸಣ್ಣಪುಟ್ಟ ಸಾಮಾನು ಹೋಗಿತ್ತು. ಅಕ್ಕನಿಗೆ ಅನುಮಾನ ಬಂದಿತ್ತೋ ಇಲ್ಲವೋ, ನಾನು ಕೇಳಿಲ್ಲ.

ಗಡಿಯಾರದಜ್ಜ ಎಂದು ಒಬ್ಬರಿದ್ದರು. ಗಡಿಯಾರ ರಿಪೇರಿ ಮಾಡಿ ಮಾಡಿ ಕಣ್ಣು ಮಂಜಾಗಿ, ಮಗನ ಮನೆಯಲ್ಲಿ ಕೊನೆಗಾಲ ಕಳೆಯುತ್ತಿದ್ದವರು. ಮಗ, ಸೊಸೆ, ಮೊಮ್ಮಕ್ಕಳು ಹನ್ನೆರಡು ದಿನ ಊರಿಗೆ ಹೊರಟರು. ಪ್ರಯಾಣ ಒಗ್ಗುವುದಿಲ್ಲವೆಂದು ಅಜ್ಜ ಉಳಿದರು. ತಾವು ತೊಡುವ ನಾಲ್ಕು ಅಂಗಿಗಳನ್ನು ಮಾತ್ರ ಗುರುವಾರವೇ ಕಳಿಸಬೇಕೆಂದು ಹೇಳಿ ಕಳಿಸಿದ್ದರು. ಅವನ್ನು ಬೇರೆ ಕಟ್ಟಿ ಕೆಳಗಿನ ಹಲಗೆಯಲ್ಲಿಡಬೇಕಾಗಿತ್ತು. ಅಂದು ಒಂದು ಹಾಸ್ಟೆಲಿನ ನೂರಿಪ್ಪತ್ತು ಹಾಸುಗಳು ಬಂದು ಬಿದ್ದಿದ್ದವು. ಗುರುತಿನಕ್ಕ ಒಂದೇ ಗುರುತಿನ ಬಟ್ಟೆಯೆಂದು ಆ ನಾಲ್ಕು ಅಂಗಿಗಳನ್ನೂ ಆ ಮನೆಯ ಗಂಟಿನೊಳಗೇ ಸೇರಿಸಿ ಬಿಳಿಯ ಚಿಂದಿ ಕಟ್ಟಿಬಿಟ್ಟಳು.

ತಮ್ಮ ಆ ಗಂಟನ್ನು ಬಿಚ್ಚಿ ನೋಡಿದ್ದ. ಅಜ್ಜನ ಅಂಗಿಗಳೂ ಅದರಲ್ಲೇ ಇದ್ದವು. ಹಾಗಾದರೆ ಅಜ್ಜನೂ ಹೋಗಿದ್ದಾರೆ. ಬುಧವಾರ ನಡುಮಧ್ಯಾಹ್ನ, ಬೀದಿಯವರೆಲ್ಲ ಉಂಡು ಮಲಗಿದ್ದ ಹೊತ್ತಿನಲ್ಲಿ, ಹಿತ್ತಿಲ ಬಾಗಿಲ ಚಿಲಕ ಎಬ್ಬಿಸಿ ಒಳಹೊಕ್ಕ. ಅಜ್ಜನ ಹಳೆಯ ಮೇಜುಗಡಿಯಾರಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಹಿಂದಿನಿಂದ ಯಾರೋ ಭುಜ ಹಿಡಿದರು. ತಿರುಗಿ ತಳ್ಳಿದ. ಅಜ್ಜನ ತಲೆ ಮೇಜಿನ ಅಂಚಿಗೆ ಬಡಿಯಿತು. ಎರಡನೆಯ ದಿನ ಆಸ್ಪತ್ರೆಯಲ್ಲಿ, ಒಂದು ಮಾತೂ ಆಡದೆ, ಅವರು ತೀರಿಕೊಂಡರು.

ಆ ಹೊತ್ತಿನಲ್ಲಿ ಗುರುತಿನಕ್ಕ ನನ್ನ ಮನೆಯ ಕಿಟಕಿಯ ಬಳಿ ಕುಳಿತು ನನ್ನ ಉಣ್ಣೆಯ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ಮೂರಕ್ಕೆ ಚಹಾ ಮಾಡಿಕೊಟ್ಟು ಹೋದಳು. ಅವಳು ಮನೆ ಸೇರುವ ಹೊತ್ತಿಗೆ ತಮ್ಮ ಗೋಡೆಗೆ ಒರಗಿ ಕುಳಿತಿದ್ದನಂತೆ. ಚೀಲದೊಳಗೆ ಗಡಿಯಾರಗಳು ಇನ್ನೂ ಟಿಕಟಿಕ ಎನ್ನುತ್ತಿದ್ದವಂತೆ. ಅವಳು ಹೆಚ್ಚೇನೂ ಕೇಳಲಿಲ್ಲ. ಎದ್ದು ಮುಖ ತೊಳೆದುಕೋ, ಊಟ ಮುಚ್ಚಿಟ್ಟಿದ್ದೇನೆ ಎಂದಳು. ಚೀಲವನ್ನು ಎತ್ತಿಕೊಂಡು ನೇರವಾಗಿ ಠಾಣೆಗೆ ನಡೆದು, ಮೇಜಿನ ಮೇಲಿಟ್ಟು, "ನಾನು" ಎಂದಳು.

ತಾನಾಗಿಯೇ ನಡೆದು ಬಂದ ತಪ್ಪೊಪ್ಪಿಗೆಯನ್ನು ಯಾವ ಠಾಣೆ ತಾನೇ ಬಿಟ್ಟೀತು? ಗಂಟು ಕಟ್ಟಿದವಳು ಅವಳು, ಹಲಗೆಯ ಗುಟ್ಟು ಬಲ್ಲವಳು ಅವಳು, ಸಾಮಾನು ಅವಳ ಕೈಯಲ್ಲೇ ಇತ್ತು.

ವಿಷಯ ಕಿವಿಗೆ ಬಿದ್ದ ಕೂಡಲೇ ಓಡಿದೆ. ನನ್ನನ್ನು ಕಂಡು ಅವಳು ಸರಳಿನ ಹಿಂದೆ ಎದ್ದು ನಿಂತಳು, ತರಗತಿಗೆ ಮೇಷ್ಟರು ಬಂದಂತೆ.

"ನೀನು ನಮ್ಮ ಮನೇಲಿದ್ದೆಯಲ್ಲಮ್ಮ ಆ ಹೊತ್ತಿಗೆ," ಎಂದೆ. "ಕೋಟಿಗೆ ಗುಂಡಿ ಹಾಕ್ತಿದ್ದೆ."

"ಅದು ಹಿಂದಿನ ಬುಧವಾರ, ಮೇಷ್ಟ್ರೇ."

"ನನಗೇ ಸುಳ್ಳು ಹೇಳ್ತೀಯಾ?"

"ಅಜ್ಜನ ಅಂಗಿ ಬೇರೆ ಕಟ್ಟಬೇಕಿತ್ತು. ಕಟ್ಟಲಿಲ್ಲ. ಕಟ್ಟಿದ್ರೆ ಆ ಮನೇಗೆ ಯಾರೂ ಹೋಗ್ತಿರಲಿಲ್ಲ. ಅದು ಯಾರ ಕೈ? ನನ್ನದೇ ತಾನೇ?"

ಮೂವತ್ತೊಂದು ವರ್ಷ ಪಾಠ ಹೇಳಿದವನು, ತಪ್ಪಿಗೂ ಅಪರಾಧಕ್ಕೂ ಇರುವ ವ್ಯತ್ಯಾಸವನ್ನು ಅವಳಿಗೆ ತಿಳಿಯುವಂತೆ ಹೇಳಲು ಆಗದೆ, ತಲೆ ಚಿಟ್ಟುಹಿಡಿದು ಹೊರಗೆ ಬಂದೆ.

ವಕೀಲನೂ ನನ್ನ ಹಳೆಯ ಶಿಷ್ಯನೇ. ಚಿಕ್ಕಂದಿನಲ್ಲಿ ಮಗ್ಗಿ ಒಪ್ಪಿಸಲು ಬಾರದೆ ಬೆಂಚಿನ ಮೇಲೆ ನಿಂತವನು. ಎರಡು ದಾರಿಗಳಿವೆ ಎಂದು ಅವನು ಬಿಡಿಸಿ ಹೇಳಿದ. ಒಂದು, ಅವಳು ನನ್ನ ಮನೆಯಲ್ಲಿದ್ದಳೆಂದು ನಾನು ಸಾಕ್ಷಿ ನುಡಿಯುವುದು. ಇನ್ನೊಂದು, ಮಾಡಿದವನೇ ನ್ಯಾಯಾಲಯದಲ್ಲಿ ಎದ್ದು ನಿಂತು ಹೇಳುವುದು. ಮಾಡಿದವನು ಹೇಳಿದ್ದನ್ನು ಕೇಳಿದೆನೆಂದು ನಾನು ನುಡಿದರೆ ಅದು ಕೆಲಸಕ್ಕೆ ಬಾರದು.

ನಾನು ತಮ್ಮನ ಬಳಿಗೆ ಹೋದೆ. ಹೊಸ್ತಿಲ ಮೇಲೆ ಕುಳಿತಿದ್ದ. ನಾಲ್ಕು ದಿನಗಳಿಂದ ಒಲೆ ಹಚ್ಚಿದ ಗುರುತಿರಲಿಲ್ಲ. ಕೇಳುವ ಮೊದಲೇ ಹೇಳಿದ.

"ನಾನೇ ತಳ್ಳಿದ್ದು ಮೇಷ್ಟ್ರೇ. ಬೇಕು ಅಂತ ತಳ್ಳಲಿಲ್ಲ."

"ಅದನ್ನ ಅಲ್ಲಿ ಬಂದು ಹೇಳಪ್ಪ. ಅವಳನ್ನ ಬಿಟ್ಟುಬಿಡ್ತಾರೆ."

"ಹೇಗೆ ಹೇಳೋದು ಅಂತಾನೇ ಗೊತ್ತಾಗಲ್ಲ. ನಗಬೇಡಿ. ಮೂವತ್ತು ವರ್ಷ ಆಯ್ತು, ಒಂದು ಸಲಾನೂ ಹೇಳಿಲ್ಲ. ನಾನು ಬಾಯಿ ತೆಗೆಯೋಷ್ಟರಲ್ಲಿ ಅಕ್ಕ ಎದ್ದಿರೋಳು."

ನನಗೆ ನಗು ಬರಲಿಲ್ಲ. ನನ್ನ ಮನೆಗೆ ಕರೆದುಕೊಂಡು ಹೋದೆ. ಒಬ್ಬ ಮೇಷ್ಟರಿಗೆ ಗೊತ್ತಿರುವ ಉಪಾಯ ಇನ್ನೇನಿದೆ? ಪಾಠ ಒಪ್ಪಿಸುವುದನ್ನು ಕಲಿಸಿದಂತೆ ಕಲಿಸಿದೆ. ನೆಟ್ಟಗೆ ನಿಲ್ಲು, ಕೈ ಕೆಳಗೆ ಬಿಡು, ನ್ಯಾಯಾಧೀಶರ ಮುಖ ನೋಡು, ಹೇಳು. ಮೊದಲ ದಿನ 'ನಾನು' ಎಂಬ ಮಾತಿನ ಮುಂದೆ ಹೋಗಲು ಅವನಿಂದ ಆಗಲಿಲ್ಲ. ಬೆವರಿಳಿಯಿತು. ಎರಡನೆಯ ದಿನ ಅಳುತ್ತ ಹೇಳಿದ. ಮೂರನೆಯ ದಿನ ಸರಾಗವಾಗಿ ಹೇಳಿದ: "ಸ್ವಾಮಿ, ಆ ಮನೆಗೆ ಹೋದವನು ನಾನು. ಅಜ್ಜನನ್ನು ತಳ್ಳಿದವನು ನಾನು. ನಮ್ಮ ಅಕ್ಕ ಏನೂ ಮಾಡಿಲ್ಲ." ಅವನ ಬೆನ್ನು ತಟ್ಟಿದೆ. ಅವನ ಮುಖದಲ್ಲಿ ಅಂಥ ಹಗುರವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಸಿವಾಗುತ್ತಿದೆ ಎಂದ. ಇಬ್ಬರೂ ಕುಳಿತು ಉಂಡೆವು.

ಮೊದಲು ನನ್ನ ಸಾಕ್ಷಿಯಾಯಿತು. ಬುಧವಾರ ಹನ್ನೆರಡರಿಂದ ಮೂರರವರೆಗೆ ಅವಳು ನನ್ನ ಮನೆಯಲ್ಲಿದ್ದಳೆಂದು ಸ್ಪಷ್ಟವಾಗಿ ಹೇಳಿದೆ. ಎದುರಿನ ವಕೀಲರು ಎದ್ದು, ಬಹಳ ಮರ್ಯಾದೆಯಿಂದ, "ಮೇಷ್ಟ್ರೇ, ಇವತ್ತು ಎಷ್ಟನೇ ತಾರೀಖು?" ಎಂದರು. ನಿವೃತ್ತನಾದವನಿಗೆ ತಾರೀಖಿನ ಹಂಗೇನಿದೆ? ಹದಿನೇಳು ಎಂದೆ. ಹತ್ತೊಂಬತ್ತಾಗಿತ್ತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಕಟಕಟೆಯಿಂದ ಅವಳು ಕೈಮುಗಿದು ಹೇಳಿದಳು: "ಮೇಷ್ಟ್ರಿಗೆ ವಯಸ್ಸಾಯ್ತು ಸ್ವಾಮಿ. ನನ್ನ ಮೇಲಿನ ಮಮತೆಗೆ ಹೇಳ್ತಿದ್ದಾರೆ. ಅವರನ್ನ ಏನೂ ಅನ್ನಬೇಡಿ."

ನನ್ನ ಮಾತು ಅಲ್ಲಿಗೆ ಮುಗಿಯಿತು. ಇನ್ನುಳಿದದ್ದು ತಮ್ಮ ಒಬ್ಬನೇ.

ಕೊನೆಯ ದಿನ ಅವನು ಬಂದ. ಇಸ್ತ್ರಿಯವನು ಕೊಟ್ಟ ಗರಿಗರಿ ಅಂಗಿ ತೊಟ್ಟು, ತಲೆ ಬಾಚಿಕೊಂಡು, ನನ್ನ ಪಕ್ಕದಲ್ಲಿ ಕುಳಿತ. ಅವನ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ನ್ಯಾಯಾಧೀಶರು ಒಳ್ಳೆಯವರು, ಆತುರಪಡುವವರಲ್ಲ. ಅವಳ ಕಡೆ ನೋಡಿ, ತೀರ್ಪಿಗೆ ಮುಂಚೆ ಏನಾದರೂ ಹೇಳುವುದಿದೆಯೇ, ಒಪ್ಪಿಕೊಂಡದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವೆಯಾ ಎಂದು ಕೇಳಿದರು.

ತಮ್ಮ ಎದ್ದ. ನಾನು ಅವನನ್ನು ಮುಟ್ಟಲೂ ಇಲ್ಲ, ಅವನೇ ಎದ್ದ. ಬೆನ್ನು ನೆಟ್ಟಗಿತ್ತು, ಕೈ ಕೆಳಗಿತ್ತು. "ಸ್ವಾಮಿ, ಆ ಮನೆಗೆ ಹೋದವನು ನಾನು..." ಎಂದ. ಧ್ವನಿ ಇಡೀ ಕೋಣೆಗೆ ಕೇಳಿಸಿತು.

ಅವಳು ತಿರುಗಿ ನೋಡಿದಳು. ಆ ಮುಖದಲ್ಲಿ ಕಂಡದ್ದು ಸಂತೋಷವಲ್ಲ, ಗಾಬರಿ.

"ಅವನು ಸುಳ್ಳು ಹೇಳ್ತಾನೆ ಸ್ವಾಮಿ," ಎಂದಳು. "ನನ್ನ ಉಳಿಸೋಕೆ ಅಂತ ಬಂದಿದ್ದಾನೆ. ಚಿಕ್ಕಂದಿನಿಂದ್ಲೂ ಅವನು ಹಾಗೇ. ನಾನು ಮಾಡಿದ್ದಕ್ಕೆಲ್ಲ ಅವನೇ ಎದ್ದು ನಿಂತು ನಮ್ಮಪ್ಪನ ಹತ್ತಿರ ಏಟು ತಿಂತಿದ್ದ. ಬೇಕಾದ್ರೆ ಮೇಷ್ಟ್ರನ್ನ ಕೇಳಿ."

ನ್ಯಾಯಾಧೀಶರು ಕನ್ನಡಕ ತೆಗೆದರು. "ಹೌದೇನಪ್ಪ?" ಎಂದು ಅವನನ್ನು ಮೆತ್ತಗೆ ಕೇಳಿದರು.

ನಾನು ಎದ್ದು, ಅಲ್ಲ, ಅದು ತಿರುವುಮುರುವು ಎಂದು ಕೂಗಿದೆ. ಸಾಕ್ಷಿ ಮುಗಿದವರು ಕುಳಿತುಕೊಳ್ಳಬೇಕೆಂದು ಜವಾನ ನನ್ನ ತೋಳು ಹಿಡಿದು ಕೂಡಿಸಿದ. ಅಕ್ಕತಮ್ಮ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಅವಳು ತಲೆಯನ್ನು ಸ್ವಲ್ಪವೇ ಅಲ್ಲಾಡಿಸಿದಳು, ಒಲೆಯ ಹತ್ತಿರ ಹೋಗಬೇಡ ಎಂದು ಮಗುವಿಗೆ ಸನ್ನೆ ಮಾಡುವಂತೆ. ಅವನ ಬೆನ್ನು ಬಾಗಿತು. ಇನ್ನೆರಡು ವಾಕ್ಯಗಳು ಉಳಿದಿದ್ದವು. ಅವನ್ನು ಹೇಳದೆ ಕುಳಿತುಬಿಟ್ಟ.

ಇಂಥ ತಮ್ಮನನ್ನು ಪಡೆದ ಹೆಂಗಸು ಇಂಥ ಕೆಲಸ ಮಾಡಬಾರದಿತ್ತು ಎಂದು ನ್ಯಾಯಾಧೀಶರು ವಿಷಾದದಿಂದ ಹೇಳಿ, ಏಳು ವರ್ಷ ವಿಧಿಸಿದರು. ಅವಳು ಕೈಮುಗಿದಳು. ಹೊರಗೆ ಮೆಟ್ಟಿಲ ಮೇಲೆ ಗಡಿಯಾರದಜ್ಜನ ಮಗ ತಮ್ಮನ ಹೆಗಲ ಮೇಲೆ ಕೈಯಿಟ್ಟು, ನಿನ್ನದೇನೂ ತಪ್ಪಿಲ್ಲ ಬಿಡು ಎಂದು ಸಮಾಧಾನ ಹೇಳಿದ. ತಮ್ಮ ಅವನ ಕೈಯನ್ನು ನೋಡಿದ, ನನ್ನನ್ನು ನೋಡಿದ. ಅದೇ ವಾರ ಲಾಂಡ್ರಿಯ ಸೈಕಲ್ಲಿನ ಸಮೇತ ಊರು ಬಿಟ್ಟ.

ಅವನನ್ನು ನಾನು ಹುಡುಕಿಸಿದೆ. ವಕೀಲನಿಂದ ಮೇಲಿನ ನ್ಯಾಯಾಲಯಕ್ಕೆ ಅರ್ಜಿ ಬರೆಸಿದೆ. ಅದಕ್ಕೆ ಅವಳ ಸಹಿ ಬೇಕಾಗಿತ್ತು, ಅವಳು ಹಾಕಲಿಲ್ಲ. ಬೇರೆ ದಾರಿ ಉಳಿಯಲಿಲ್ಲ. ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರುತ್ತೇನೆ. ಜಾಲರಿಯ ಆ ಕಡೆ ಅವಳು, ಈ ಕಡೆ ನಾನು. ಒಳಗಿನ ಹೆಂಗಸರು ಅವಳನ್ನು ಬಹಳ ಹಚ್ಚಿಕೊಂಡಿದ್ದಾರೆಂದು ಕಾವಲಿನವಳು ಹೇಳುತ್ತಾಳೆ. ಏಕೆಂದು ನನಗೆ ಗೊತ್ತು. ಈಗಾಗಲೇ ಎರಡು ಸಲ, ಇನ್ನಾರದೋ ಜಗಳಕ್ಕೆ, ಅವಳ ಶಿಕ್ಷೆಗೆ ದಿನಗಳು ಸೇರಿವೆ.

ಹೋದ ತಿಂಗಳು ವಕೀಲ ಸುದ್ದಿ ತಂದ. ದೂರದ ಇನ್ನೊಂದು ಊರಿನಲ್ಲಿ ತಮ್ಮ ಸಿಕ್ಕಿಬಿದ್ದಿದ್ದಾನೆ. ಬೀಗ ಹಾಕಿದ ಮನೆಗೆ ನುಗ್ಗಿದ್ದ, ಕೈಯಲ್ಲಿ ಕಬ್ಬಿಣದ ಸಲಾಕೆ ಇತ್ತು, ಅಡ್ಡ ಬಂದವನ ಕೈ ಮುರಿದಿದ್ದಾನೆ. ಇದನ್ನು ಅವಳಿಗೆ ಹೇಳುವುದೋ ಬೇಡವೋ ಎಂದು ಹದಿನೈದು ದಿನ ಯೋಚಿಸಿದೆ. ಯಾರನ್ನು ಉಳಿಸಲು ಅವಳು ಒಳಗೆ ಕುಳಿತಿದ್ದಾಳೋ ಅವನು ಉಳಿಯಲಿಲ್ಲ ಎಂದು ತಿಳಿದರೆ, ಅರ್ಜಿಗೆ ಸಹಿ ಹಾಕಿಯಾಳು ಎಂದು ಒಂದು ಆಸೆ. ಅರ್ಜಿಯ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಹೋದೆ. ಎಲ್ಲವನ್ನೂ ಹೇಳಿದೆ.

ಅವಳು ಜಾಲರಿಯ ತಂತಿಗೆ ಬೆರಳು ಸಿಕ್ಕಿಸಿಕೊಂಡು ಕೇಳಿದಳು. ಅಳಲಿಲ್ಲ.

"ಅವನೇ ಒಪ್ಪಿಕೊಂಡನಾ?" ಎಂದಳು.

"ಇಲ್ಲಮ್ಮ. ಸಲಾಕೆ ಕೈಲಿದ್ದಾಗಲೇ ಸಿಕ್ಕಿಬಿದ್ದ. ನಾನಲ್ಲ, ನಾನಲ್ಲ ಅಂತಾನೇ ಇದ್ದಾನಂತೆ."

"ಒಪ್ಪಿಕೊಳ್ಳದೇ ಇದ್ರೆ ಹನ್ನೆರಡು," ಎಂದಳು. ಆಮೇಲೆ ನನ್ನ ಮುಖ ನೋಡಿ, "ಹೊಡೆದ್ರಾ ಮೇಷ್ಟ್ರೇ?" ಎಂದು ಕೇಳಿದಳು.

ನಾನು ಜೇಬಿನಿಂದ ಅರ್ಜಿಯನ್ನು ತೆಗೆದು ಜಾಲರಿಯ ಕೆಳಗಿನ ಸಂದಿನಿಂದ ತಳ್ಳಿದೆ. ಅವಳು ಅದನ್ನು ಬಿಡಿಸಿ ಕೊನೆಯವರೆಗೂ ಓದಿದಳು. ಮಡಿಕೆ ಕೆಡದಂತೆ ಮೊದಲಿನ ಹಾಗೆಯೇ ಮಡಚಿ, ಅದೇ ಸಂದಿನಿಂದ ನನ್ನ ಕಡೆಗೆ ಹಿಂದಕ್ಕೆ ತಳ್ಳಿದಳು. ಹೊತ್ತು ಮೀರುವ ಮೊದಲೇ, ಕಾವಲಿನವಳು ಕರೆಯದೆಯೇ, ಒಳಗೆ ಹೋದಳು.